ಬಾಯಿ ಮುಚ್ಚಿಸುವ ಕಸುಬು

ಮಗು ಎರಡು ಸಲ ಎದುರುತ್ತರ ಕೊಟ್ಟರೆ ಸಾಕು, "ಬಾಯಿ ನೋಡಿ ಇವಳದು, ಲಾಯರ್ ಆಗ್ತಾಳೆ ಬಿಡಿ" ಎಂದು ಭವಿಷ್ಯ ನುಡಿಯುವುದು ನಮ್ಮವರ ಹಳೇ ಚಾಳಿ. ಕಡಲು ದಾಟಿ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಬಂದರೂ ಇದು ಬಿಟ್ಟಿಲ್ಲ. ಮಾರಿಸ್‌ವಿಲ್ಲಿನ ಹಿಂದೂ ಭವನದ ಪ್ರಸಾದದ ಸಾಲಿನಲ್ಲೂ, ಚರ್ಚ್ ಸ್ಟ್ರೀಟ್ ಪಾರ್ಕಿನ ಕ್ರಿಕೆಟ್ ಮೈದಾನದ ಅಂಚಿನಲ್ಲೂ ಈ ಜ್ಯೋತಿಷ್ಯ ಪುಕ್ಕಟೆ ಸಿಗುತ್ತದೆ. ಕೇಳಿದ ತಾಯಿಯ ಮುಖ ಮಾತ್ರ ಸಣ್ಣಗಾಗುತ್ತದೆ. ಯಾಕೆ ಅಂತೀರಾ? ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಮಗ್ಗುಲಲ್ಲಿರುವ ಈ ಊರಿನಲ್ಲಿ ನಮ್ಮ ಮಕ್ಕಳಿಗೆ ಇರುವುದೇ ಎರಡು ಗೋತ್ರ: ಡಾಕ್ಟರು, ಇಂಜಿನಿಯರು.

ತಾಯಿ ಹೆದರುವುದು ಬೇಡ. ಬಾಯಿ ಜೋರಿದ್ದವರು ಆಗುವುದು ಹೆಚ್ಚಾಗಿ ಕಕ್ಷಿದಾರರು. ಅವರ ಬಾಯಿ ಮುಚ್ಚಿಸುವವರೇ ವಕೀಲರು.

ನಂಬಿಕೆ ಬಾರದಿದ್ದರೆ ಐ-40 ಹೆದ್ದಾರಿಯಲ್ಲಿ 65 ಮೈಲಿ ವೇಗದ ಮಿತಿ ಇರುವ ಕಡೆ ಒಮ್ಮೆ 80ರಲ್ಲಿ ಸಿಕ್ಕಿಬಿದ್ದು ನೋಡಿ. ಟಿಕೆಟ್ಟು ಇಲ್ಲಿ ಸಾರ್ವಜನಿಕ ದಾಖಲೆ. ಹೆಂಡತಿಗೆ ವಿಷಯ ಗೊತ್ತಾಗಬಾರದು ಎಂದು ನೀವು ಲೆಕ್ಕ ಹಾಕುತ್ತಿರುವಾಗಲೇ ಅಂಚೆಪೆಟ್ಟಿಗೆಗೆ ಕಟ್ಟುಗಟ್ಟಲೆ ಕಾಗದ ಬಂದು ಬೀಳುತ್ತದೆ. ಅಷ್ಟೂ ವಕೀಲರವು. ಲಕೋಟೆಯ ಮೇಲೇ "ಇದು ಜಾಹೀರಾತು" ಎಂದು ಅಚ್ಚು ಹಾಕಿಸಬೇಕಾದ್ದರಿಂದ ಹೆಂಡತಿಗೆ ಒಡೆದು ನೋಡುವ ಶ್ರಮವೂ ಇಲ್ಲ. ನಮ್ಮ ಬಾರ್ ಕೌನ್ಸಿಲಿನ ನಿಯಮದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. ಮನೆ ಮುಂದಿನ ಬೋರ್ಡು ಕೂಡ ಮಿತವಾದ ಅಳತೆಯಲ್ಲಿರಬೇಕು. ಅಮೆರಿಕದ ಸುಪ್ರೀಂ ಕೋರ್ಟು 1977ರಲ್ಲಿ ಅರಿಜೋನಾದ ಇಬ್ಬರು ವಕೀಲರ ಪ್ರಕರಣದಲ್ಲಿ ಅಲ್ಲಿನ ಅಂಥದೇ ಕಟ್ಟು ಬಿಚ್ಚಿಬಿಟ್ಟಿತು. ಅಂದಿನಿಂದ ಹೆದ್ದಾರಿಯ ಪಕ್ಕದಲ್ಲಿ ಬರ್ಗರಿನಷ್ಟೇ ದೊಡ್ಡದಾಗಿ ವಕೀಲರೂ ನಗುತ್ತಾರೆ.

ಇರಲಿ, ಒಬ್ಬರನ್ನು ಹಿಡಿದಿರಿ. ಅವರು ಹೇಳುವ ಮೊದಲ ಮಾತು: "ನೀವು ಬರಬೇಡಿ." ಇಂಥ ಸಣ್ಣ ಕೇಸಿಗೆ ಕಕ್ಷಿದಾರ ಇಲ್ಲದೆಯೇ ನಡೆಯುತ್ತದೆ. ರಾತ್ರಿಯಿಡೀ ಕನ್ನಡಿ ಮುಂದೆ ನೀವು ತಾಲೀಮು ಮಾಡಿದ ವಾದವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು. ಅವರು ರಾಲಿಯ ಕೋರ್ಟಿಗೆ ಹೋಗಿ ಪ್ರಾಸಿಕ್ಯೂಟರ್ ಜೊತೆ ಮೆಲ್ಲಗೆ ಎರಡು ಮಾತಾಡುತ್ತಾರೆ. ಎಷ್ಟೋ ಸಲ ಫಲಿತಾಂಶ ಏನು ಗೊತ್ತೇ? ನೀವು ಜೋರಾಗಿ ಓಡಿಸಿದ್ದಲ್ಲ, ನಿಮ್ಮ ಕಾರಿನ ಸ್ಪೀಡೋಮೀಟರ್ ಸರಿಯಿರಲಿಲ್ಲ! ನಾರ್ತ್ ಕೆರೊಲಿನಾದ ಕಾನೂನಿನಲ್ಲೇ ಈ ದಾರಿ ಇದೆ, ಮಿತಿ ದಾಟಿದ್ದು 25 ಮೈಲಿಗಿಂತ ಕಡಿಮೆಯಿದ್ದರೆ. ಲೈಸೆನ್ಸಿಗೆ ಪಾಯಿಂಟ್ ಇಲ್ಲ, ಇನ್ಶೂರೆನ್ಸಿಗೆ ಪೆಟ್ಟಿಲ್ಲ. ಹೋದ ತಿಂಗಳು ಕೊಂಡ ಟೆಸ್ಲಾ ಪಾಪ, ಮಾಡದ ತಪ್ಪು ಹೊತ್ತು ಗರಾಜಿನಲ್ಲಿ ನಿಂತಿರುತ್ತದೆ.

ದೊಡ್ಡ ಕೇಸಿನಲ್ಲಾದರೂ ಭಾಷಣ ಉಂಟೇ? ಸಿನಿಮಾದಲ್ಲಿ ಉಂಟು. 2018ರಲ್ಲಿ ಅಮೆರಿಕದ ಫೆಡರಲ್ ಕೋರ್ಟುಗಳ ಕ್ರಿಮಿನಲ್ ಆರೋಪಿಗಳಲ್ಲಿ ವಿಚಾರಣೆಯವರೆಗೆ ಹೋದವರು ನೂರಕ್ಕೆ ಇಬ್ಬರು. 90 ಜನ ತಪ್ಪೊಪ್ಪಿಕೊಂಡು ಶಿಕ್ಷೆಯ ಲೆಕ್ಕ ಮುಗಿಸಿಕೊಂಡರು. ವ್ಯಾಪಾರದ ವ್ಯಾಜ್ಯವೂ ಅಷ್ಟೇ: ಇಲ್ಲಿನ ಸುಪೀರಿಯರ್ ಕೋರ್ಟಿನ ಸಿವಿಲ್ ದಾವೆ ಜ್ಯೂರಿಯ ಮುಖ ನೋಡುವ ಮುನ್ನ ಮಧ್ಯಸ್ಥಿಕೆಯ ಮೇಜಿಗೆ ಕೂತು ಬರಬೇಕು. ಟ್ರಯಲ್ ಲಾಯರ್ ಎಂದು ಹೆಸರು, ಟ್ರಯಲ್ ತಪ್ಪಿಸುವುದೇ ವರ್ಷವಿಡೀ ಕೆಲಸ. ಹಾಗಂತ ಟ್ರಯಲ್ ಬಾರದವರಿಗೆ ಈ ಕೆಲಸ ನಡೆಯುವುದಿಲ್ಲ. ಹನ್ನೆರಡು ಜನ ಜ್ಯೂರಿಯ ಮುಂದೆ ಎದ್ದು ನಿಲ್ಲಬಲ್ಲ ಎಂಬ ಭಯ ಇದ್ದರೆ ತಾನೇ ಎದುರು ಪಕ್ಷ ರಾಜಿಗೆ ಬರುವುದು!

ಇನ್ನು ಕೆಲವರು ಒಂದೇ ಬೋರ್ಡಿನಲ್ಲಿ "ವ್ಯಾಪಾರ ವ್ಯಾಜ್ಯ, ಕ್ರಿಮಿನಲ್ ಡಿಫೆನ್ಸ್" ಎರಡನ್ನೂ ಬರೆಸಿರುತ್ತಾರೆ. ಮಸಾಲೆ ದೋಸೆ ಅಂಗಡಿಯಲ್ಲಿ ಟೈರ್ ಪಂಚರೂ ಹಾಕುತ್ತಾರೇನೋ ಎಂದು ನಕ್ಕುಬಿಡಬೇಡಿ. ಕೆಲಸ ಬಿಡುವ ಹಿಂದಿನ ರಾತ್ರಿ ಮಹಾಶಯನೊಬ್ಬ ಕಂಪನಿಯ ಫೈಲುಗಳನ್ನು ತನ್ನ ಪೆನ್‌ಡ್ರೈವಿಗೆ ಇಳಿಸಿಕೊಂಡ ಎನ್ನಿ. ಹಳೇ ಕಂಪನಿ ಸಿವಿಲ್ ದಾವೆ ಹೂಡುತ್ತದೆ. ಅನ್ಯಾಯದ ವ್ಯಾಪಾರ ಎಂದು ಸಾಬೀತಾದರೆ ಈ ರಾಜ್ಯದಲ್ಲಿ ನಷ್ಟ ಒಂದಕ್ಕೆ ಮೂರು ಪಟ್ಟು ಪರಿಹಾರ. ಅದೇ ಪೆನ್‌ಡ್ರೈವು ಸರ್ಕಾರಿ ವಕೀಲರ ಕಣ್ಣಿಗೆ ಬಿದ್ದರೆ ವ್ಯಾಪಾರ ರಹಸ್ಯದ ಕಳವು. ಫೆಡರಲ್ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು.

ಈಗ ಬಂತು ನೋಡಿ ಅತ್ತ ದರಿ, ಇತ್ತ ಪುಲಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎಂಬ ಹಕ್ಕು ನಮ್ಮ ಸಂವಿಧಾನದ 20(3)ನೇ ವಿಧಿಯಲ್ಲಿರುವಂತೆ ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯಲ್ಲೂ ಇದೆ. ಕ್ರಿಮಿನಲ್ ಕೋರ್ಟಿನಲ್ಲಿ ಆರೋಪಿಯ ಮೌನಕ್ಕೆ ಅಪಾರ್ಥ ಕಲ್ಪಿಸುವಂತಿಲ್ಲ. ಸಿವಿಲ್ ಕೇಸಿನಲ್ಲಿ ಮಾತ್ರ ಕಲ್ಪಿಸಬಹುದು ಎಂದು 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ. ಇಲ್ಲಿ ಸುಮ್ಮನಿದ್ದರೆ ದುಡ್ಡು ಹೋಯಿತು, ದುಡ್ಡು ಉಳಿಸಲು ಮಾತಾಡಿದರೆ ಅದೇ ಮಾತು ಅಲ್ಲಿ ಜೈಲಿನ ಬಾಗಿಲು ತೆಗೆಯಿತು. ಎಲ್ಲಿ ಎಷ್ಟು ಬಾಯಿ ಬಿಡಬೇಕು ಎಂದು ಅಳೆದು ಕೊಡಲು ಎರಡೂ ಕೋರ್ಟಿನ ನೀರು ಕುಡಿದವರೇ ಬೇಕು.

ಆ ಅಳತೆಗೆ ಬೆಲೆಯೂ ಇದೆ. ವ್ಯಾಪಾರದ ಕೇಸುಗಳಲ್ಲಿ ಸಾಮಾನ್ಯವಾಗಿ ಗಂಟೆಯನ್ನು ಹತ್ತು ಚೂರು ಮಾಡಿ ಆರಾರು ನಿಮಿಷಕ್ಕೆ ಬಿಲ್ ಹಾಕುತ್ತಾರೆ. "ಊಟ ಆಯ್ತಾ ಸಾರ್, ಮಕ್ಕಳು ಹೇಗಿದ್ದಾರೆ?" ಎಂದು ನಾವು ಕುಶಲ ವಿಚಾರಿಸುವಷ್ಟರಲ್ಲಿ ಒಂದು ಚೂರು ಖರ್ಚು. ಮಕ್ಕಳು ಚೆನ್ನಾಗಿದ್ದಾರೆ ಎಂಬ ಉತ್ತರ ಎರಡನೇ ಚೂರಿಗೆ ಜಮಾ.

ಇಷ್ಟಾದರೂ ನಮ್ಮವರಿಗೆ ಮಾತು ನಿಲ್ಲಿಸುವುದು ಕಷ್ಟ. ಡೆಪೊಸಿಷನ್ ಎಂದು ಒಂದುಂಟು. ಕೋರ್ಟಿನ ಹೊರಗೆ, ಮೇಜಿನ ಮುಂದೆ ಪ್ರಮಾಣ ಮಾಡಿಸಿ ಎದುರು ವಕೀಲರು ಪ್ರಶ್ನೆ ಕೇಳುತ್ತಾರೆ. ಫೆಡರಲ್ ನಿಯಮದಲ್ಲಿ ಏಳು ಗಂಟೆಯವರೆಗೂ ಕೇಳಬಹುದು. ಆಡಿದ್ದೆಲ್ಲ ಟೈಪಾಗುತ್ತದೆ. ಅದಕ್ಕೇ ನಮ್ಮ ವಕೀಲರು ಮೊದಲೇ ಪಾಠ ಮಾಡಿರುತ್ತಾರೆ: "ಟೈಮ್ ಎಷ್ಟು ಗೊತ್ತಾ ಅಂದರೆ 'ಗೊತ್ತು' ಅನ್ನಿ. ಅಷ್ಟೇ."

ಪೆನ್‌ಡ್ರೈವ್ ಮಹಾಶಯನನ್ನು ಆ ಕುರ್ಚಿಯಲ್ಲಿ ಕೂರಿಸಿ ನೋಡಿ. "ಗೊತ್ತು ಸಾರ್, ಹತ್ತೂಕಾಲು. ಈ ವಾಚು ನಮ್ಮ ಭಾವ ಕೊಡಿಸಿದ್ದು. ಅಟ್ಲಾಂಟಾದಲ್ಲಿ ಅವರದೂ ಇದೇ ಬಿಸಿನೆಸ್ಸು. ಫೈಲುಗಳನ್ನು ನೋಡಿ ಎಷ್ಟು ಖುಷಿಪಟ್ಟರು ಅಂತೀರಿ!"

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಟೈಪ್ ಮಾಡುವಾಕೆ "ಭಾವ" ಪದದ ಸ್ಪೆಲಿಂಗ್ ಕೇಳುತ್ತಾಳೆ, ಈತ ಸಂತೋಷದಿಂದ ಪೂರ್ತಿ ಹೆಸರು, ವಿಳಾಸ ಸಮೇತ ಹೇಳುತ್ತಾನೆ. ಸಂಜೆಯ ಹೊತ್ತಿಗೆ ಭಾವನಿಗೂ ವಕೀಲರು ಬೇಕು. ಒಬ್ಬರೇ ಇಬ್ಬರನ್ನೂ ನೋಡಿಕೊಳ್ಳೋಣವೆಂದರೆ ಹಿತಾಸಕ್ತಿಯ ಘರ್ಷಣೆ ಅಡ್ಡ ಬರುತ್ತದೆ, ಹಾಗಾಗಿ ಬೇರೆಯವರೇ ಆಗಬೇಕು, ಬೇರೆ ಆರು ನಿಮಿಷಗಳ ಲೆಕ್ಕ. ಸಮಾಧಾನ ಹೇಳಲು ಈತ ಫೋನ್ ಮಾಡಿದರೆ ಅಕ್ಕ ಎತ್ತುವುದೇ ಇಲ್ಲ. ಬಿಲ್ಲಿಲ್ಲದೆ ಸುಮ್ಮನಿರುವುದನ್ನು ಕಲಿತವಳು ಆ ವಂಶದಲ್ಲಿ ಅವಳೊಬ್ಬಳೇ.