ಕೈ ಕುಣಿಸಿ, ಕರ್ಸರ್ ಹುಡುಕಿ

ಪ್ಲಾಟ್‌ಫಾರ್ಮ್ ಗೇಮ್‌ನಲ್ಲಿ ಮಾಡಬೇಕಾದ ಕೆಲಸ ಎರಡೇ. ಓಡು, ಹಾರು. ಹಳ್ಳ ಬಂದರೆ ದಾಟು, ಶತ್ರು ಬಂದರೆ ತುಳಿ. 1985ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಬಂದಾಗ ಇಷ್ಟಕ್ಕೆಲ್ಲ ಹೆಬ್ಬೆರಳೆರಡು ಸಾಕಾಗಿದ್ದವು. ಪರದೆಯ ಮೇಲೆ ಒಂದು ಕರ್ಸರ್ ತೇಲಾಡುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಯಾರೂ ಹರಕೆ ಹೊತ್ತಿರಲಿಲ್ಲ.

ಆದರೂ ವರ ಸಿಕ್ಕಿತು.

2006ರಲ್ಲಿ ನಿಂಟೆಂಡೊ ಕಂಪನಿ ವೀ ಎಂಬ ಯಂತ್ರ ತಂದಿತು. ರಿಮೋಟನ್ನು ಟಿವಿಯತ್ತ ಚಾಚಿದರೆ ಪರದೆಯ ಮೇಲೆ ಕರ್ಸರ್ ಓಡಾಡುತ್ತದೆ. ಮಾರನೇ ವರ್ಷ ನವೆಂಬರ್‌ನಲ್ಲಿ ಸೂಪರ್ ಮಾರಿಯೋ ಗ್ಯಾಲಕ್ಸಿ. ಎಡಗೈಯ ಕಡ್ಡಿಯಲ್ಲಿ (ಸ್ಟಿಕ್) ಮಾರಿಯೋನನ್ನು ಓಡಿಸಬೇಕು. ಬಲಗೈಯ ರಿಮೋಟ್ ಆಡಿಸಿ, ಆಕಾಶದಲ್ಲಿ ಚೆಲ್ಲಿದ ಬಣ್ಣಬಣ್ಣದ ನಕ್ಷತ್ರದ ಚೂರುಗಳನ್ನು ಕರ್ಸರಿನಿಂದ ಆಯಬೇಕು. ಕಣ್ಣು ಯಾವುದನ್ನು ನೋಡಬೇಕು? ಹಳ್ಳದ ಅಂಚಿನಲ್ಲಿ ನಿಂತ ಮಾರಿಯೋನನ್ನೋ, ಮೂಲೆಯಲ್ಲಿ ಅಲೆಯುವ ಕರ್ಸರನ್ನೋ? ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಮಾರಿಯೋ ಹಳ್ಳಕ್ಕೆ ಬಿದ್ದ.

ಇದಕ್ಕೆ ಕಂಪನಿ ಇಟ್ಟ ಬಿರುದು ‘ಸಹಜ’. ಬಟನ್ ಒತ್ತುವುದು ಅಸಹಜವಂತೆ. ಕೂತಲ್ಲೇ ಗಾಳಿಗೆ ರಿಮೋಟ್ ಬೀಸುವುದು ಸಹಜವಂತೆ.

ಎಷ್ಟು ಸಹಜವೆಂದರೆ, ಯಂತ್ರ ಮಾರುಕಟ್ಟೆಗೆ ಬಂದ ತಿಂಗಳೊಳಗೇ ಜನರ ಕೈಯಿಂದ ರಿಮೋಟ್‌ಗಳು ಹಾರತೊಡಗಿದವು. ಟಿವಿ ಒಡೆದವು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರ ಕಿತ್ತುಬರುತ್ತಿತ್ತು. 2006ರ ಡಿಸೆಂಬರ್‌ನಲ್ಲಿ ಸುಮಾರು 32 ಲಕ್ಷ ದಾರಗಳನ್ನು ಬದಲಿಸಿಕೊಡುವುದಾಗಿ ಕಂಪನಿಯೇ ಹೇಳಬೇಕಾಯಿತು. ಮುಂದಿನ ವರ್ಷ ರಿಮೋಟಿಗೆ ಸಿಲಿಕೋನ್ ಅಂಗಿ ತೊಡಿಸಿದರು. ಹೆಬ್ಬೆರಳಿನಲ್ಲಿ ಬಟನ್ ಒತ್ತಿ ಟಿವಿ ಒಡೆದವನನ್ನು ಯಾರಾದರೂ ಕಂಡಿದ್ದೀರಾ?

ಇನ್ನು ಆ ಸೆನ್ಸರ್ ಬಾರ್. ಟಿವಿಯ ಮೇಲೋ ಕೆಳಗೋ ಕೂರಿಸುವ ಕಪ್ಪು ಪಟ್ಟಿ. ಅದರಲ್ಲಿ ಸೆನ್ಸರ್ ಎಂಬುದೇ ಇಲ್ಲ. ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಸೂಸುವ ಪುಟ್ಟ ದೀಪಗಳಿವೆ, ಅಷ್ಟೆ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಅದು ಆ ಎರಡು ಬೆಳಕಿನ ಚುಕ್ಕಿಗಳನ್ನು ನೋಡಿ, ತಾನು ಎತ್ತ ಮುಖ ಮಾಡಿದ್ದೇನೆಂದು ಲೆಕ್ಕ ಹಾಕುತ್ತದೆ. ಪಟ್ಟಿ ಕಳೆದುಹೋದರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತದೆ. ತಮಾಷೆಯಲ್ಲ, ನಡೆಯುತ್ತದೆ.

ನಾನಿರುವ ಕೋಲ್ಕತ್ತಾದವರಿಗೆ ಮೇಣದಬತ್ತಿ ಹೊಸತಲ್ಲ. ಎಪ್ಪತ್ತು-ಎಂಬತ್ತರ ದಶಕದ ಲೋಡ್ ಶೆಡ್ಡಿಂಗ್ ಕಂಡ ಊರು. ಆಗ ಮೇಣದಬತ್ತಿ ಹಚ್ಚಿದ ಹೊತ್ತಿನಲ್ಲಿ ಟಿವಿ ಓಡುತ್ತಿರಲಿಲ್ಲ. ಈಗ ಟಿವಿ ಓಡುತ್ತದೆ, ದೀಪವೇ ಶತ್ರು. ನಮ್ಮ ನರಕ ಚತುರ್ದಶಿಯ ಹೊತ್ತಿಗೆ, ಕಾಳಿಪೂಜೆಯ ಹಿಂದಿನ ದಿನ, ಇಲ್ಲಿಯವರಿಗೆ ಭೂತ ಚತುರ್ದಶಿ. ಮನೆಯಲ್ಲಿ ಹದಿನಾಲ್ಕು ದೀಪ ಹಚ್ಚುವುದು ಪದ್ಧತಿ. ರಿಮೋಟಿನ ಕ್ಯಾಮೆರಾ ಒಮ್ಮೆಗೆ ಲೆಕ್ಕ ಇಡುವುದು ನಾಲ್ಕೇ ನಾಲ್ಕು ಚುಕ್ಕಿಗಳನ್ನು. ಟಿವಿಯ ಪಕ್ಕ ಒಂದೆರಡು ಹಣತೆ ಇಟ್ಟು ನೋಡಿ. ಭೂತ ಎಲ್ಲಿ ಹೊಕ್ಕಿತೆಂದು ಕರ್ಸರೇ ತೋರಿಸುತ್ತದೆ.

ಜಾಗದ ಮಾತೂ ಇದೆ. ಕ್ಯಾಮೆರಾಕ್ಕೆ ಆ ದೀಪಗಳು ಸರಿಯಾಗಿ ಕಾಣಬೇಕಾದರೆ ಟಿವಿಯಿಂದ ಒಂದಷ್ಟು ಅಡಿ ಹಿಂದೆ ಸರಿಯಬೇಕು. ಇಲ್ಲಿನ ಶ್ಯಾಮಬಜಾರಿನ ಹಳೇ ಮನೆಗಳ ಕೋಣೆ ನೋಡಿದವರಿಗೆ ಗೊತ್ತು. ಅರ್ಧ ಕೋಣೆ ಮಂಚಕ್ಕೆ, ಕಾಲು ಕೋಣೆ ಬೀರುವಿಗೆ, ಉಳಿದದ್ದು ಫ್ರಿಜ್ಜಿಗೆ ಮತ್ತು ಬಂದುಹೋಗುವ ನೆಂಟರಿಗೆ. ಹಿಂದೆ ಸರಿದರೆ ಬೆನ್ನಿಗೆ ಗೋಡೆ. ಪಕ್ಕಕ್ಕೆ ಬೀಸಿದರೆ ರವೀಂದ್ರನಾಥ ಠಾಕೂರರ ಫೋಟೊ. ಅಮೆರಿಕದ ಹಜಾರದ ಅಳತೆಗೆ ಹೊಲಿದ ಅಂಗಿ ಇದು. ನಮ್ಮ ಮೈಗೆ ತೊಡಿಸಿ, ‘ಇಡೀ ಕುಟುಂಬಕ್ಕೆ’ ಎಂದರು.

ಕುಟುಂಬ ಎಂದರೆ ಇನ್ನೊಂದು ನೆನಪಾಯಿತು. ಗ್ಯಾಲಕ್ಸಿಯಲ್ಲಿ ಇಬ್ಬರು ಆಡಬಹುದು. ಒಬ್ಬನಿಗೆ ಮಾರಿಯೋ. ಇನ್ನೊಬ್ಬನಿಗೆ? ಬರೀ ಕರ್ಸರ್. ಅವನು ಚೂರು ಆಯಬಹುದು, ಶತ್ರುವನ್ನು ಹಿಡಿದು ನಿಲ್ಲಿಸಬಹುದು. ಓಡಲು ಕಾಲಿಲ್ಲ, ಬೀಳಲು ಹಳ್ಳವೂ ಇಲ್ಲ. ತಮ್ಮನ ಕೈಗೆ ವೈರ್ ಸಿಕ್ಕಿಸದ ರಿಮೋಟ್ ಕೊಟ್ಟು ‘ನೀನೂ ಆಡ್ತಾ ಇದ್ದೀಯ ಪುಟ್ಟಾ’ ಎನ್ನುವ ಮೋಸವನ್ನು ಅಣ್ಣಂದಿರು ಅಲ್ಲಿಯವರೆಗೆ ಪುಕ್ಕಟೆಯಾಗಿ ಮಾಡುತ್ತಿದ್ದರು. ಕಂಪನಿ ಅದಕ್ಕೆ ‘ಕೋ-ಸ್ಟಾರ್’ ಎಂದು ಹೆಸರಿಟ್ಟು ಮೆನುವಿಗೆ ಸೇರಿಸಿತು.

ಪೋಷಕರು ಮಾತ್ರ ಖುಷ್. ಮಗು ಟಿವಿ ಮುಂದೆ ಕುಳಿತರೆ ಹಾಳಾಗುತ್ತದೆ. ಟಿವಿ ಮುಂದೆ ಕೈ ಬೀಸಿದರೆ ವ್ಯಾಯಾಮ. ಮಗು ಎರಡೇ ದಿನದಲ್ಲಿ ಸತ್ಯ ಕಂಡುಕೊಳ್ಳುತ್ತದೆ. ಸೋಫಾದಲ್ಲಿ ಮಲಗಿ ಮಣಿಕಟ್ಟು ಕೊಂಚ ಅಲುಗಿಸಿದರೂ ಯಂತ್ರಕ್ಕೆ ಅಷ್ಟೇ ಸಾಕು. ಅದಕ್ಕೆ ಬೇಕಿರುವುದು ವ್ಯಾಯಾಮವಲ್ಲ, ಕುಲುಕು. ಅಪ್ಪ ಅಮ್ಮ ಇನ್ನೂ ವ್ಯಾಯಾಮ ಎಂದೇ ನಂಬಿದ್ದಾರೆ. ನಂಬಲಿ. ಅವರೂ ಫೋನಿನಲ್ಲಿ ಲೂಡೊ ಆಡುತ್ತಾ ನಂಬುತ್ತಿದ್ದಾರೆ.

ಈ ಹುಚ್ಚು ಕರ್ಸರಿಗೆ ಮಾತ್ರ ಅಂಟಿದ್ದಲ್ಲ. 2010ರಲ್ಲಿ ವೀಗೆ ಬಂದ ಡಾಂಕಿ ಕಾಂಗ್ ಕಂಟ್ರಿ ರಿಟರ್ನ್ಸ್ ನೋಡಿ. ಕೂದಲೆಳೆಯ ಅಂತರದಲ್ಲಿ ಸಾಯಿಸುವ ಕಠಿಣ ಆಟ. ಅದರಲ್ಲಿ ನಾಯಕ ಗೊರಿಲ್ಲಾ ಉರುಳಬೇಕೆಂದರೆ ಆಟಗಾರ ರಿಮೋಟ್ ಅಲ್ಲಾಡಿಸಬೇಕು. ಅಲ್ಲಾಡಿಸಿದ್ದು ಯಂತ್ರಕ್ಕೆ ಯಾವ ಕ್ಷಣದಲ್ಲಿ ತಿಳಿಯಿತೋ ಆ ಕ್ಷಣದಲ್ಲಿ ಉರುಳುತ್ತದೆ. ಅಷ್ಟರಲ್ಲಿ ಸಾವು. ಮೂರು ವರ್ಷದ ನಂತರ ಅದೇ ಆಟ ಕೈಯಲ್ಲಿ ಹಿಡಿಯುವ 3ಡಿಎಸ್‌ಗೆ ಬಂತು. ಉರುಳುವುದಕ್ಕೆ ಬಟನ್ ಬಂತು. ಆಟವೇನೂ ಕೆಡಲಿಲ್ಲ. ಹಾಗಾದರೆ ಮೂರು ವರ್ಷ ಜನ ಕೈ ಕುಲುಕಿದ್ದು ಯಾವ ಪಾಪಕ್ಕೆ?

ಇಲ್ಲಿನ ಪಾಡಾ (ಓಣಿ) ಕ್ಲಬ್ಬುಗಳಲ್ಲಿ ಸಂಜೆ ಕೇರಂ ಬೋರ್ಡಿನ ಮೇಲೆ ಬಲ್ಬ್ ಇಳಿಬಿಟ್ಟು ಆಡುವ ಹುಡುಗರಿದ್ದಾರೆ. ಬೆರಳ ತುದಿಯ ಒಂದು ಚಿಮ್ಮು, ರಾಣಿ ಗುಂಡಿಗೆ. ಅವರ ಬಳಿ ಹೋಗಿ ‘ಬೆರಳು ಅಸಹಜ, ಭುಜ ಬೀಸಿ ಹೊಡಿ’ ಎಂದು ಹೇಳಿ ನೋಡಿ. ನಿಮ್ಮನ್ನು ಎತ್ತಿ ಆಚೆ ಕೂರಿಸುತ್ತಾರೆ. ಗೇಮಿಂಗ್ ಜಗತ್ತಿನಲ್ಲಿ ಹಾಗೆ ಹೇಳಿದವರಿಗೆ ಹಾರ ಹಾಕಿದರು. ಸಾಲದ್ದಕ್ಕೆ ಈ ಬೀಸುವ ವಿದ್ಯೆ ಯಾರ ಸ್ವತ್ತು ಎಂದು ಜಗಳ ಬೇರೆ. ಹಿಲ್‌ಕ್ರೆಸ್ಟ್ ಲ್ಯಾಬ್ಸ್ ಎಂಬ ಅಮೆರಿಕದ ಕಂಪನಿ 2008ರಲ್ಲಿ ನಿಂಟೆಂಡೊ ಮೇಲೆ ಪೇಟೆಂಟ್ ದಾವೆ ಹೂಡಿತು. ಮರುವರ್ಷ ರಾಜಿಯಾಯಿತು. ರಾಜಿಯಲ್ಲಿ ಆಟಗಾರನಿಗೆ ಏನೂ ಸಿಗಲಿಲ್ಲ.

ಈಗ ನಿಂಟೆಂಡೊದ ಇನ್ನೊಂದು ಯಂತ್ರ ಸ್ವಿಚ್‌ನ ಕಥೆ. 2020ರ ಸೆಪ್ಟೆಂಬರ್‌ನಲ್ಲಿ ಸೂಪರ್ ಮಾರಿಯೋ 3ಡಿ ಆಲ್-ಸ್ಟಾರ್ಸ್ ಬಂತು. ಗ್ಯಾಲಕ್ಸಿಯೂ ಸೇರಿ ಮೂರು ಹಳೇ ಆಟಗಳು, ಅಮೆರಿಕದಲ್ಲಿ 60 ಡಾಲರ್. 2021ರ ಮಾರ್ಚ್ 31ರ ನಂತರ ಮಾರುವುದಿಲ್ಲ ಎಂದರು, ಮಾರಲಿಲ್ಲ. ಡಿಜಿಟಲ್ ಸರಕಿಗೆ ಗೋದಾಮು ಬೇಡ, ಹುಳ ಹಿಡಿಯುವುದಿಲ್ಲ. ಆದರೂ ಎತ್ತಿಟ್ಟರು. 2025ರ ಅಕ್ಟೋಬರ್‌ನಲ್ಲಿ ಗ್ಯಾಲಕ್ಸಿ ಮತ್ತೆ ಬಂತು. ಜೊತೆಗೆ ಗ್ಯಾಲಕ್ಸಿ 2. ಈ ಸಲ ಎರಡೇ ಆಟ, 70 ಡಾಲರ್. ಅಳಿಯ ಅಲ್ಲ, ಮಗಳ ಗಂಡ.

ಆ 2020ರ ಆವೃತ್ತಿಯಲ್ಲಿ ಒಂದು ಉಪಕಾರವಾಯಿತು. ಮಾರಿಯೋ ಗಿರಗಿರನೆ ಸುತ್ತಲು ಕೈ ಕುಲುಕಬೇಕಿಲ್ಲ, ಬಟನ್ ಒತ್ತಿದರೂ ಸಾಕು ಎಂದರು. ಹದಿಮೂರು ವರ್ಷ ಹಿಡಿಯಿತು ಒಂದು ಬಟನ್ ಹುಟ್ಟಲು. ಕರ್ಸರ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಅಲ್ಲ, ಕದಲಿತು. ಕದಲುತ್ತಲೇ ಇರುತ್ತದೆ. ಅದೇ ತೊಂದರೆ.

ಏಕೆಂದರೆ ಸ್ವಿಚ್‌ಗೆ ಆ ಎರಡು ದೀಪಗಳೂ ಇಲ್ಲ. ಟಿವಿ ಎಲ್ಲಿದೆ ಎಂಬುದು ಕಂಟ್ರೋಲರಿಗೆ ಗೊತ್ತೇ ಇಲ್ಲ. ಒಳಗಿನ ಜೈರೊಸ್ಕೋಪ್ ಕೈ ಎಷ್ಟು ವೇಗದಲ್ಲಿ ತಿರುಗಿತು ಎಂದು ಅಳೆಯುತ್ತದೆ. ಅದನ್ನು ಕೂಡಿಸುತ್ತಾ ಹೋಗಿ ಕರ್ಸರ್ ಎಲ್ಲಿರಬೇಕೆಂದು ಊಹಿಸುತ್ತದೆ. ಪ್ರತಿ ಅಳತೆಯಲ್ಲೂ ಸಣ್ಣ ತಪ್ಪು. ಕೂಡಿಸಿದಂತೆ ತಪ್ಪೂ ಕೂಡುತ್ತದೆ. ಹೀಗಾಗಿ ಕರ್ಸರ್ ಜಾರಿಕೊಂಡು ಮೂಲೆ ಸೇರುತ್ತದೆ. ಆಗ ಆರ್ ಬಟನ್ ಒತ್ತಬೇಕು, ಅದು ಮಧ್ಯಕ್ಕೆ ಬರುತ್ತದೆ. ಮತ್ತೆ ಜಾರುತ್ತದೆ. ಮತ್ತೆ ಒತ್ತಿ. ಬಟನ್ ಬೇಡವೆಂದು ಹುಟ್ಟಿಸಿದ ಕರ್ಸರನ್ನು ಸಾಕಲು ಒಂದು ಬಟನ್!

ಟಿವಿ ಬೇಡ, ಕೈಯಲ್ಲೇ ಹಿಡಿದು ಆಡುತ್ತೇನೆ ಎನ್ನುವಿರಾ? ಅಲ್ಲಿ ಪರದೆಯನ್ನೇ ಬೆರಳಿನಿಂದ ಮುಟ್ಟಬೇಕು. ಮಾರಿಯೋನನ್ನು ಸೆಳೆದುಕೊಳ್ಳುವ ನಕ್ಷತ್ರ ಹಿಡಿಯಬೇಕಾದರೆ ಬಟನ್ ಮೇಲಿನ ಹೆಬ್ಬೆರಳು ತೆಗೆದು ಗಾಜಿಗೆ ಒತ್ತಬೇಕು. ಮಾರಿಯೋನನ್ನು ಗುಳ್ಳೆಯೊಳಗೆ ಕೂರಿಸಿ ಊದಿ ಸಾಗಿಸುವ ಹಂತದಲ್ಲಿ, ಎಲ್ಲಿಗೆ ಸಾಗಬೇಕೋ ಆ ದಾರಿಯನ್ನೇ ನಿಮ್ಮ ಬೆರಳು ಮುಚ್ಚುತ್ತದೆ. ಜಾಲಿಯಾಗಿ ಟ್ರಾಮಿನಲ್ಲಿ ಆಡಬಹುದಂತೆ ಇದನ್ನು. ಒಂದು ಕೈ ಮೇಲಿನ ಹಿಡಿಕೆಗೆ, ಒಂದು ಕೈ ಕಡ್ಡಿಗೆ, ಇನ್ನೊಂದು ಪರದೆಗೆ. ದುರ್ಗೆಗೆ ಹತ್ತು ಕೈ. ನಮಗೆಲ್ಲಿ?

ಜೈರೊಸ್ಕೋಪಿನ ಮೇಲೆ ನನಗೆ ಹಗೆಯಿಲ್ಲ. ಸ್ಪ್ಲಟೂನ್‌ನಂಥ ಗುರಿಯಿಡುವ ಆಟದಲ್ಲಿ ಅದು ಚಿನ್ನ. ಅಲ್ಲಿ ಗುರಿಯಿಡುವುದೇ ಆಟ. ಕಡ್ಡಿಯಿಂದ ಆಗದ ಸೂಕ್ಷ್ಮ ಮಣಿಕಟ್ಟಿನಿಂದ ಆಗುತ್ತದೆ, ಒಪ್ಪಿದೆ. ಬೇಡದವನು ಆರಿಸಿಡಬಹುದು, ಅದನ್ನೂ ಒಪ್ಪಿದೆ. ಆದರೆ 2017ರ ಸೂಪರ್ ಮಾರಿಯೋ ಒಡಿಸ್ಸಿಯಲ್ಲಿ ಟೋಪಿಯನ್ನು ತಲೆಯ ಮೇಲಕ್ಕೆ ಎಸೆಯಲು ಕಂಟ್ರೋಲರನ್ನೇ ಮೇಲಕ್ಕೆ ಚಿಮ್ಮಿಸಬೇಕು. ಅದಕ್ಕೊಂದು ಬಟನ್ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಗಂಟು ಹೋಗುವುದು ಕೈ ನಡುಗುವವರದ್ದು. ಒಂದೇ ಕೈ ಆಡುವವರದ್ದು. ಭುಜ ಹಿಡಿದುಕೊಂಡ ಅಜ್ಜನದ್ದು. ಜಾಹೀರಾತಿನಲ್ಲಿ ಅಜ್ಜ ನಗುತ್ತಾ ರಿಮೋಟ್ ಬೀಸುತ್ತಾನೆ. ಆಟದೊಳಗೆ ಅಜ್ಜನ ನಡುಕವನ್ನು ಕರ್ಸರ್ ದೊಡ್ಡದು ಮಾಡಿ ಊರಿಗೆಲ್ಲ ತೋರಿಸುತ್ತದೆ. ಎಲ್ಲರನ್ನೂ ಒಳಗೆ ಕರೆಯುತ್ತೇವೆ ಎಂದು ಬಾಗಿಲು ತೆರೆದವರು ಹೊಸ್ತಿಲನ್ನು ಎರಡಡಿ ಎತ್ತರಿಸಿದರು.

ನಮ್ಮಲ್ಲಿ ಇನ್ನೊಂದು ವಿಶೇಷ. ಸ್ವಿಚ್ ಯಂತ್ರ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ಕೋಲ್ಕತ್ತಾದ ಚಾಂದನಿ ಚೌಕದಲ್ಲೋ, ಖಿದಿರ್‌ಪುರದ ಫ್ಯಾನ್ಸಿ ಮಾರ್ಕೆಟಿನಲ್ಲೋ, ಬೆಂಗಳೂರಿನವರಾದರೆ ನ್ಯಾಷನಲ್ ಮಾರ್ಕೆಟಿನಲ್ಲೋ ಹೊರದೇಶದಿಂದ ಬಂದದ್ದನ್ನು ಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ಇಂಥ ಸಂತೆಗಳಲ್ಲೇ ನಕಲಿ ಟಿವಿ ಗೇಮ್ ಸಿಗುತ್ತಿತ್ತು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂಬ ಹಸಿ ಸುಳ್ಳು. ಒಳಗೆ ಹತ್ತಿಪ್ಪತ್ತು. ಆದರೆ ಬಟನ್ ಸುಳ್ಳು ಹೇಳುತ್ತಿರಲಿಲ್ಲ. ಒತ್ತಿದರೆ ಮಾರಿಯೋ ಹಾರುತ್ತಿದ್ದ. ಅಸಲಿ ಮಾಲಿಗೆ ಹತ್ತು ಪಟ್ಟು ತೆತ್ತವನು ಈಗ ಕರ್ಸರ್ ಎಲ್ಲಿ ಹೋಯಿತೆಂದು ಸೋಫಾ ಕೆಳಗೂ ಇಣುಕುತ್ತಾನೆ.

ಈ ರೋಗ ಮನೆಯ ಟಿವಿಗೂ ಹತ್ತಿದೆ. ಕೆಲವು ಸ್ಮಾರ್ಟ್ ಟಿವಿಗಳ ರಿಮೋಟನ್ನು ಎತ್ತಿದರೆ ಸಾಕು, ಕರ್ಸರ್ ಧುತ್ತೆಂದು ಬಂದು ದಾದಾ ಸೌರವ್ ಗಂಗೂಲಿಯ ಹಣೆಯ ಮೇಲೆ ಕೂರುತ್ತದೆ. ಬೇಕಿದ್ದದ್ದು ಸದ್ದು ಕಡಿಮೆ ಮಾಡುವುದು.

ಕೊನೆಗೆ ಬುದ್ಧಿ ಬಂತೇ? ಬಂತು, ಸುತ್ತು ಹಾಕಿ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಕಂಟ್ರೋಲರನ್ನು ಮೇಜಿನ ಮೇಲೆ ಮಲಗಿಸಿ ಉಜ್ಜಿದರೆ ಅದು ಮೌಸ್. ಮೌಸ್‌ನ ಜನಕ ಡಗ್ಲಸ್ ಎಂಗೆಲ್‌ಬಾರ್ಟ್ 1968ರಲ್ಲೇ ಸಭೆಯ ಮುಂದೆ ಆಡಿಸಿ ತೋರಿಸಿದ ಅದೇ ಮೌಸ್. ಇದನ್ನೂ ಹೊಸತು ಎಂದೇ ಮಾರುತ್ತಿದ್ದಾರೆ.

ಆಟ ಮಾಡುವವರೇ, ಕರ್ಸರ್ ಕಿತ್ತೆಸೆಯಿರಿ ಎಂದು ಕೇಳುತ್ತಿಲ್ಲ. ಇಷ್ಟವಿದ್ದವರು ಬೀಸಲಿ, ಕುಣಿಯಲಿ. ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಸಾಲು ಸೇರಿಸಿ: ಮೋಷನ್ ಕಂಟ್ರೋಲ್ ಬೇಡ. ಕೊಳ್ಳುವವರೇ, ಆ ಸಾಲು ಇದೆಯೇ ಎಂದು ದುಡ್ಡು ಎಣಿಸುವ ಮೊದಲು ಕೇಳಿ. ಅಂಗಡಿಯವನು ತಲೆ ಕೆರೆದುಕೊಂಡರೆ, ದುಡ್ಡು ಜೇಬಿನಲ್ಲೇ ಇರಲಿ.