ಸಪಾಟು ರಸ್ತೆಯ ಕಷ್ಟ

ಸೈಕಲ್ ಹೊಡೆಯುವವರನ್ನು ಹೊಸಬರು, ಒಂದಿಷ್ಟು ಕಲಿತವರು, ಪಳಗಿದವರು ಎಂದು ಮೂರು ಪಂಗಡ ಮಾಡಿ, ಮೊದಲಿನವರಿಗೆ ಸಪಾಟು ರಸ್ತೆ, ಕೊನೆಯವರಿಗೆ ಗುಡ್ಡ ಎಂದು ಹಂಚುವುದು ಲೋಕರೂಢಿ. ಈ ರೂಢಿ ಮಾಡಿದವರು ಹುಬ್ಬಳ್ಳಿ-ಧಾರವಾಡದ ಕಡೆ ಬಂದಿರಲಿಕ್ಕಿಲ್ಲ. ಇಲ್ಲಿ ಏರಿಳಿತದ ಹಾದಿಯೇ ಸಲೀಸು. ಜೀವ ಹಿಂಡುವುದು ಸಪಾಟು.

ಧಾರವಾಡ ಕೂತಿರುವ ಜಾಗವೇ ಹಾಗಿದೆ. ಊರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆಯ ಪಾಲಾಗಿ, ಬೇಡ್ತಿ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಎಂದು ಮನೆಮನೆ ತಿರುಗಿ ಬಂಗಾಳ ಕೊಲ್ಲಿ ಸೇರುತ್ತದೆ. ನೀರೇ ಹೀಗೆ ಎರಡು ಪಕ್ಷ ಕಟ್ಟಿದ ಮೇಲೆ ಮಣ್ಣು ಸುಮ್ಮನಿರುತ್ತದೆಯೇ? ಪಡುವಣಕ್ಕೆ ಕೆಂಪು, ಮೂಡಣಕ್ಕೆ ಕಪ್ಪು ಎರಿ.

ಪಡುವಣದ ದಾರಿ ಹೊಸಬರನ್ನು ಮರ್ಯಾದೆಯಿಂದ ನಡೆಸಿಕೊಳ್ಳುತ್ತದೆ. ಮೊದಮೊದಲು ಕೆಲಗೇರಿ ಕೆರೆಯ ದಂಡೆ ಸಾಕು. ಕಾಲು ಕುದುರಿದ ಮೇಲೆ ಮುಗದ. ಅಲ್ಲೊಂದು ಕೆರೆ, ಕುಂಬಾರರ ಮನೆಗಳು, ಭತ್ತದ ಸಂಶೋಧನಾ ಕೇಂದ್ರ. ‘ಮುಗದ ಸುಗಂಧ’ ಎಂಬ ಘಮಘಮಿಸುವ ತಳಿ ಆ ಊರಿನ ಹೆಸರು ಹೊತ್ತಿದೆ. ಆಪೂಸ್ ಮಾವಿನ ತೋಟಗಳ ನಡುವೆ ರಸ್ತೆ ಏಳುತ್ತದೆ, ಇಳಿಯುತ್ತದೆ. ಏರಿನಲ್ಲಿ ಕಿತ್ತುಕೊಂಡಿದ್ದನ್ನು ಇಳಿಜಾರಿನಲ್ಲಿ ಮರಳಿಸುವ ಪ್ರಾಮಾಣಿಕತೆ ಅದಕ್ಕಿದೆ. ತುಳಿಯಲಾಗದಿದ್ದರೆ ಗಿಡದಲ್ಲಿ ಹೂ ಬಿಟ್ಟಿದೆಯೋ ಇಲ್ಲವೋ ನೋಡುವ ನೆಪದಲ್ಲಿ ಇಳಿದು ನೂಕಿಕೊಂಡು ಹೋಗಬಹುದು. ಯಾರೂ ನಗುವುದಿಲ್ಲ. ನಿಗದಿ, ಸಲಕಿನಕೊಪ್ಪದ ಮೇಲೆ ಹಳಿಯಾಳದವರೆಗೂ ಹೋಗಿಬರುವವರಿದ್ದಾರೆ. ಅವರಿಗೆ ನಮ್ಮ ಸಲಹೆ ಬೇಕಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವಿನ 20 ಕಿ.ಮೀ. ಬಗ್ಗೆ ಒಂದು ಮಾತು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಧಾರವಾಡದವರು ಆರಾಮಾಗಿ ಇಳಿದು ಬಂದು ತಮ್ಮ ದಮ್ಮಿನ ಬಗ್ಗೆ ಭಾಷಣ ಮಾಡುತ್ತಾರೆ. ಹುಬ್ಬಳ್ಳಿಯವರು ಏದುಸಿರು ಬಿಡುತ್ತ ಏರಿ, ನವಲೂರಿನ ಪೇರಲ ತಿನ್ನಲು ನಿಂತೆವು ಎನ್ನುತ್ತಾರೆ. ಪಕ್ಕದಲ್ಲಿ ತ್ವರಿತ ಸಾರಿಗೆಯ ಚಿಗರಿ ಬಸ್ಸು ಸುಯ್ಯೆಂದು ಹೋಗುತ್ತದೆ. ನೋಡಲು ಇದು ಅಂಥ ಚೆಂದದ ರಸ್ತೆಯೂ ಅಲ್ಲ.

ಇನ್ನು ಮೂಡಣದ ಸಪಾಟು. ಹುಬ್ಬಳ್ಳಿಯಿಂದ ನವಲಗುಂದ 35 ಕಿ.ಮೀ.ಗೂ ಮಿಕ್ಕಿ. ಕಣ್ಣು ಹಾಯುವಷ್ಟು ದೂರ ಹತ್ತಿ, ಕಡಲೆ, ಜೋಳ. ನೆರಳಿಗೆ ಹುಡುಕಿದರೂ ಮರವಿಲ್ಲ. ಜೂನ್-ಜುಲೈನಲ್ಲಿ ಹೊರಟರೆ ಪಡುವಣ ಗಾಳಿ ಬೆನ್ನಿಗೆ ಕೈಹಚ್ಚಿ ನೂಕುತ್ತದೆ. ತಾನೊಬ್ಬ ಪೈಲ್ವಾನನೇ ಎಂದು ಸವಾರನಿಗೆ ಅನ್ನಿಸತೊಡಗುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ ಬಡಿದು ಪೈಲ್ವಾನಗಿರಿಯನ್ನೆಲ್ಲ ವಸೂಲು ಮಾಡುತ್ತದೆ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರಂತೂ ಹಸಿ ಎರಿಮಣ್ಣು ಹೋಳಿಗೆಯ ಕಣಕದಂತೆ ಗಾಲಿಗೆ ಮೆತ್ತಿ, ಮಡಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಹೆಗಲೇ ಗತಿ. ಹೀಗೆ ಹೊತ್ತು ನಡೆಯುತ್ತಿದ್ದ ಗೆಳೆಯನೊಬ್ಬನನ್ನು ಹೊಲದಲ್ಲಿದ್ದ ಅಜ್ಜ ಕೇಳಿದ್ದು: “ಯಾಕ್ರೀ ಸರ, ಸೈಕಲ್ ನಿಮ್ಮನ್ನ ಹೊತ್ಕೊಂಡ್ ಹೋಗ್ಬೇಕೋ, ನೀವ್ ಅದನ್ನ ಹೊತ್ಕೊಂಡ್ ಹೋಗ್ಬೇಕೋ?” ಬೆಣ್ಣಿಹಳ್ಳ ಉಕ್ಕಿದರೆ ಈ ಪ್ರಶ್ನೆಯೂ ಇಲ್ಲ; ರಸ್ತೆಯೇ ಬಂದ್.

ನಡುವಿನ ದರ್ಜೆಯವರಿಗೆ ಕುಂದಗೋಳ ಒಳ್ಳೆಯದು. ಅದೂ ಎರಿಯೇ, ಆದರೆ ಹುಬ್ಬಳ್ಳಿಗೆ ಹತ್ತಿರ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು; ಭೀಮಸೇನ ಜೋಶಿ ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತದ್ದು ಅಲ್ಲೇ. ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಉಸಿರನ್ನು ಹಾಡಿಗೆಂದು ಉಳಿಸಬೇಕಾದವರಿಗೆ ಅದೇ ಸರಿ. ನಮಗೆ ಆ ಚಿಂತೆಯಿಲ್ಲ. ನಾಡಿಗೇರ ವಾಡೆ ನೋಡಿ, ಗಿರಮಿಟ್ ತಿಂದು, ಮಧ್ಯಾಹ್ನದೊಳಗೆ ಮನೆ ಮುಟ್ಟಬಹುದು.

ನವಲಗುಂದಕ್ಕೆ ಹೋಗಲೇಬೇಕು ಎನ್ನುವವರು ಡಿಸೆಂಬರ್ ತನಕ ತಡೆಯಿರಿ. ಆಗ ಮಣ್ಣು ಒಣಗಿರುತ್ತದೆ, ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ, ಗಾಳಿಯೂ ಮೂಡಣದಿಂದ ಬೀಸಿ, ಹೋಗುವಾಗ ಎದುರಾಗಿ, ಬರುವಾಗ ಬೆನ್ನಿಗೆ ನಿಲ್ಲುತ್ತದೆ. ಎರಡು ಬಾಟಲಿ ನೀರು ಇಟ್ಟುಕೊಳ್ಳಿ, ಮಡಗಾರ್ಡ್ ಬಿಚ್ಚಿಟ್ಟು ಹೋಗಿ.