ಕ್ವಿಂಟಲ್ ಮೆಣಸಿನಕಾಯಿಗೆ 45 ರೂಪಾಯಿ

ಬ್ಯಾಡಗಿ ಪೇಟೆಯಲ್ಲಿ ಡಬ್ಬಿ ಮೆಣಸಿನಕಾಯಿಗೆ ಕ್ವಿಂಟಲ್‌ಗೆ 45,511 ಅಂತ ಚೀಟಿಯಲ್ಲಿ ಬರೆದಿದೆ ಅಂದ್ಕೊಳ್ರಿ. ಓದೋಕೆ ನಮಗೇನು ಕಷ್ಟ? ಅದನ್ನೇ, ಬರಹವನ್ನು ಸಂಖ್ಯೆ ಮಾಡಿಕೊಡೋ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಕೈಗೆ ಕೊಟ್ಟು ನೋಡಿ, 45 ಅನ್ನುತ್ತೆ. ಅಲ್ಪವಿರಾಮ ಕಂಡಲ್ಲೇ ಕಾಲು ಚಾಚಿ ಕೂತುಬಿಡುತ್ತೆ, ಮುಂದಿನ ಅಂಕಿ ಯಾರಪ್ಪನ ಮನೆದೋ ಅನ್ನೋ ಹಾಗೆ. ತಪ್ಪಾಯ್ತು ಅಂತ ಒಂದು ಸೊಲ್ಲೂ ಎತ್ತೋದಿಲ್ಲ. ಬೆಳೆದ ರೈತನ ಕಿವಿಗೆ ಬಿದ್ದರೆ ಬಾರುಕೋಲು ಹಿಡಿದೇ ಬಂದಾನು, ಅಲ್ವಾ?

ಸಿ ಶಾರ್ಪ್ ಅನ್ನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಇದಕ್ಕಿಂತ ಮಡಿವಂತ. ಬರೀ ಇಂಟ್ ಪಾರ್ಸ್ ಅಂದರೆ ಅಲ್ಪವಿರಾಮವನ್ನು ಮುಟ್ಟಿಸಿಕೊಳ್ಳೋದೇ ಇಲ್ಲ, ಫಾರ್ಮ್ಯಾಟ್ ಎಕ್ಸೆಪ್ಶನ್ ಎಸೆದು ಓಣಿಗೆಲ್ಲ ಕೇಳಿಸುವ ಹಾಗೆ ಕೂಗುತ್ತೆ. 'ಸಾವಿರಕ್ಕೆ ಹಾಕೋ ಅಲ್ಪವಿರಾಮ ಇದ್ದರೆ ಇರಲಿ ಬಿಡೋ ತಮ್ಮಾ' ಅಂತ ನಂಬರ್‌ಸ್ಟೈಲ್ಸ್‌ನಲ್ಲಿ ಅಪ್ಪಣೆ ಕೊಟ್ಟ ಮೇಲೆಯೇ ಸಮಾಧಾನ. ಆಮೇಲೆ ಎಷ್ಟು ಧಾರಾಳಿ ಆಗುತ್ತೆ ಅಂದರೆ, 4,5,5,1,1 ಅಂತ ಬರೆದುಕೊಟ್ಟರೂ 45511 ಅಂತಲೇ ಓದುತ್ತೆ! ಕಲ್ಚರ್ ಅಂತ ದೇಶ-ಭಾಷೆಯ ಒಂದು ಸೆಟ್ಟಿಂಗ್ ಇದೆ, ಅದರಲ್ಲಿ ಇಂಗ್ಲಿಷ್-ಭಾರತ ಇಟ್ಟರೆ ಬರೆಯುವಾಗ ಚೊಕ್ಕವಾಗಿ 12,34,567 ಅಂತ ನಮ್ಮ ಲಕ್ಷದ ಲೆಕ್ಕದಲ್ಲೇ ಬರೆಯುತ್ತೆ. ಓದುವಾಗ ಮಾತ್ರ ಅಲ್ಪವಿರಾಮ ಎಲ್ಲಿ ಬಿದ್ದಿದ್ದರೂ ಕೇಳೋರಿಲ್ಲ. ಬಾಗಿಲಲ್ಲಿ ತಡೆದದ್ದೇ ತಡೆದದ್ದು, ಒಳಗೆ ಬಿಟ್ಟ ಮೇಲೆ ಯಾರು ಎಲ್ಲಿ ಕೂತರೂ ಸರಿ.

ನಮ್ಮ ಬ್ಯಾಡಗಿ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತೆ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು, ಅದೆಲ್ಲ ನಿಮಗೆ ಗೊತ್ತೇ ಇದೆ. ಆದರೆ ಆ 45,511ನ್ನು ಜರ್ಮನಿಯ ಕಲ್ಚರ್ ಇಟ್ಟ ಕಂಪ್ಯೂಟರಿಗೆ ಓದಿಸಿದರೆ ಅದು ನಲವತ್ತೈದೂವರೆಯ ಆಸುಪಾಸಿನ ದಶಮಾಂಶ. ಅಲ್ಲಿ ಅಲ್ಪವಿರಾಮಕ್ಕೆ ದಶಮಾಂಶದ ಕೆಲಸ, ಸಾವಿರ ಬೇರೆ ಮಾಡೋದು ಚುಕ್ಕಿ. ಸ್ವಿಟ್ಜರ್ಲೆಂಡಿನವರು ಮೇಲೊಂದು ಗೀಟು ಹಾಕ್ತಾರೆ. ಫ್ರಾನ್ಸಿನವರು ಸಣ್ಣದೊಂದು ಖಾಲಿ ಜಾಗ ಬಿಡ್ತಾರೆ, ಅದೂ ನಾವು ಸ್ಪೇಸ್‌ಬಾರ್ ಒತ್ತಿದರೆ ಬರೋ ಜಾಗ ಅಲ್ಲ, ಬೇರೆಯದೇ ಕೋಡಿನದು. ಕಣ್ಣಿಗೆ ಕಾಣದ್ದರಲ್ಲೂ ಜಾತಿ ನೋಡ್ರಿ!

ಹಾಗಂತ ನಾವೇನು ಕಡಿಮೆ? ರಾಣೆಬೆನ್ನೂರು ಕಡೆಯ ಮದುವೆಗಳಲ್ಲಿ ಆಯೇರಿನ ಪಟ್ಟಿ ಬರೆಯೋಕೆ ಒಬ್ಬ ಹಿರಿಯರು ಕೂತಿರುತ್ತಿದ್ದರು. ಊಟದ ಪಂಕ್ತಿ ಏಳಲಿ ಕೂರಲಿ, ಅವರು ವಹಿ ಬಿಟ್ಟು ಕದಲುವವರಲ್ಲ. 501 ಅಂತ ಬರೆದು ಪಕ್ಕದಲ್ಲಿ ಓರೆಗೆರೆ, ಅಡ್ಡಗೆರೆ ಎಳೆದರೇನೇ ಅವರಿಗೆ ತೃಪ್ತಿ. ಬಾಲ ಇಲ್ಲದಿದ್ದರೆ ಆಮೇಲೆ ಯಾರಾದರೂ ಇನ್ನೊಂದು ಸೊನ್ನೆ ಸೇರಿಸಿದರೆ? ಅಂಥ ಮುಂಜಾಗ್ರತೆಯ 501/- ಅನ್ನು ನಮ್ಮ ಕಲ್ಚರ್ ಇಟ್ಟು ಕೊಟ್ಟರೂ ಸಿ ಶಾರ್ಪ್ ಒಲ್ಲೆ ಅನ್ನುತ್ತೆ. ಹಿರಿಯರ ಬಾಲಕ್ಕೆ ಅದರ ಶಾಸ್ತ್ರದಲ್ಲಿ ಜಾಗವೇ ಇಲ್ಲ. ನಾವೇ ಕತ್ತರಿಸಿ ಕೊಡಬೇಕು, ಏನು ಮಾಡೋದು.

ಇನ್ನು ಕನ್ನಡ ಅಂಕಿ. ೪೫೫೧೧ ಅಂತ ಕೊಟ್ಟರೆ ಪೈಥಾನ್ ಓದುತ್ತೆ, ಜಾವಾನೂ ಓದುತ್ತೆ. ಸಿ ಶಾರ್ಪ್ ಕನ್ನಡದ ಕಲ್ಚರ್ ಹಾಕಿಕೊಂಡೇ ಕನ್ನಡ ಅಂಕಿ ಬರೋದಿಲ್ಲ ಅನ್ನುತ್ತೆ, ಇದಕ್ಕೇನಂತೀರಿ? ಪೈಥಾನ್ ಓದುತ್ತೆ ಅಂತ ನಿಶ್ಚಿಂತೆಯಿಂದ ಕೂರೋ ಹಾಗೂ ಇಲ್ಲ. ೧೦ ಬರೆಯುವಾಗ ಸೊನ್ನೆಯ ಬದಲು ಅನುಸ್ವಾರ ಒತ್ತಿದವರು ಬೇಕಾದಷ್ಟು ಜನ ಇದ್ದಾರೆ. ಕಣ್ಣಿಗೆ ಎರಡೂ ಒಂದೇ ದುಂಡಗೆ, ಯಂತ್ರಕ್ಕೆ ಒಂದು ಅಂಕಿ, ಇನ್ನೊಂದು ಅಕ್ಷರದ ಬಾಲಂಗೋಚಿ. ಹಳೇ ನುಡಿ ಫಾಂಟಿನದು ಇದಕ್ಕೆ ತಿರುವುಮುರುವು. ಹೆಸರಿನ ಕೊನೆಗೆ 'ಕೆ' ಇರೋ ಫಾಂಟಿನಲ್ಲಿ ತೆರೆಯ ಮೇಲೆ ಕಾಣೋದು ಕನ್ನಡದ ೧, ಒಳಗೆ ಕೂತಿರೋದು ಸಾದಾ 1. ವೇಷ ಮಾತ್ರ ಕನ್ನಡ ಆಗಿರೋದರಿಂದ ಎಲ್ಲ ಯಂತ್ರವೂ ಮರುಮಾತಿಲ್ಲದೆ ಓದಿಬಿಡುತ್ತೆ!

ಇವೆಲ್ಲವನ್ನೂ ಮೀರಿಸೋದು ನಮ್ಮ ಪಹಣಿ. ಹಾವೇರಿ ಸೀಮೆಯ ಹೊಲದ ವಿಸ್ತೀರ್ಣ 2.10 ಅಂತಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂ ಕಾಲು ಎಕರೆ. ಯಂತ್ರ ಇದನ್ನು ದಶಮಾಂಶ ಅಂದುಕೊಂಡು, ಕೊನೆಯ ಸೊನ್ನೆ ದಂಡ ಅಂತ ಹಾರಿಸಿ 2.1 ಮಾಡಿಡುತ್ತೆ. ನಾಳೆ ಯಾರೋ ಪುಣ್ಯಾತ್ಮ ಅದನ್ನು ಎರಡು ಎಕರೆ ಒಂದು ಗುಂಟೆ ಅಂತ ಓದಿದರೆ? ಒಂಬತ್ತು ಗುಂಟೆ ಮಾಯ! ಬದು ಒತ್ತಿದವರು ಯಾರೂ ಇಲ್ಲ, ಜಗಳಕ್ಕೆ ಹೋಗೋಣ ಅಂದರೆ ಎದುರಾಳಿಯೇ ಇಲ್ಲ. ಸರ್ವೆ ನಂಬರಿನ ಪಾಡು ಇನ್ನೊಂದು. 12/3 ಅಂತ ಎಕ್ಸೆಲ್‌ಗೆ ಹಾಕಿದರೆ ನಮ್ಮ ಕಲ್ಚರಿನಲ್ಲಿ ಮಾರ್ಚ್ 12, ಅಮೆರಿಕದ್ದರಲ್ಲಿ ಡಿಸೆಂಬರ್ 3. ಹೊಲ ಹೋಗಿ ತಾರೀಖು ಆಯ್ತು.

ಈ ಕಲ್ಚರ್ ಅನ್ನೋ ಗುಂಡಿ ದೇಶ-ಭಾಷೆ ನೋಡುತ್ತೆ, ಪೇಟೆ-ಪಹಣಿ-ಆಯೇರಿನ ಪಟ್ಟಿ ನೋಡೋದಿಲ್ಲ. ಅದಕ್ಕೇ ಪ್ರೋಗ್ರಾಂ ಬರೆಯೋ ಮಕ್ಕಳಿಗೆ ಒಂದು ಮಾತು. ಯಂತ್ರ ಯಂತ್ರಕ್ಕೆ ಬರೆದದ್ದಾದರೆ ಯಾವ ದೇಶಕ್ಕೂ ಅಂಟದ ಇನ್‌ವೇರಿಯೆಂಟ್ ಕಲ್ಚರ್ ಇಟ್ಟು ಓದಿಸಿ. ಮನುಷ್ಯ ಬರೆದದ್ದಾದರೆ ಯಾವ ಊರಿನವರು, ಯಾವ ಲೆಕ್ಕದಲ್ಲಿ ಬರೆದರು ಅಂತ ಮೊದಲು ವಿಚಾರಿಸಿ, ಅದನ್ನೇ ಕೋಡಿನಲ್ಲಿ ಬಾಯಿಬಿಟ್ಟು ಹೇಳಿ. ಪಹಣಿಯ ವಿಸ್ತೀರ್ಣವನ್ನಂತೂ ಸಂಖ್ಯೆ ಮಾಡೋಕೇ ಹೋಗಬೇಡಿ. ಎಕರೆಗೊಂದು ಖಾನೆ, ಗುಂಟೆಗೊಂದು ಖಾನೆ ಬೇರೆ ಬೇರೆ ಇಡಿ.